ಮನುಷ್ಯ ಹುಟ್ಟು ಬೇಟೆಗಾರನೇ? ಮೂಳೆಗಳ ಸಾಕ್ಷ್ಯವೂ ಕಥೆಗಾರರ ಕಲ್ಪನೆಯೂ

ಜನ್ನನ ‘ಯಶೋಧರ ಚರಿತೆ’ಯನ್ನು ಕುರಿತ ಚರ್ಚೆ ಎಲ್ಲಿ ನಡೆದರೂ ಕೊನೆಗೊಂದು ಆಕ್ಷೇಪ ತಲೆಯೆತ್ತದೆ ಇರುವುದಿಲ್ಲ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರಕ್ಕೆ ತಾಯಿಯೂ ಮಗನೂ ಭವಭವಗಳಲ್ಲಿ ತೊಳಲುವ ಆ ಕಾವ್ಯದ ನೀತಿ ಬಹು ಸೂಕ್ಷ್ಮವಾದದ್ದು, ಆದರೆ ಅದು ಮನುಷ್ಯಸ್ವಭಾವಕ್ಕೆ ಹೊರತಾದದ್ದು. ಮನುಷ್ಯ ಮೂಲತಃ ಬೇಟೆಗಾರ, ಲಕ್ಷಾಂತರ ವರ್ಷ ಪ್ರಾಣಿಗಳನ್ನು ಕೊಂದೇ ಬದುಕಿದವನು. ಅಹಿಂಸೆಯೆಂಬುದು ಬೇಸಾಯ ಬಂದು ಕಣಜ ತುಂಬಿದ ಮೇಲೆ ಹುಟ್ಟಿದ ಕೃತಕವಾದೊಂದು ಕಟ್ಟಳೆ. ಇದು ಆ ಆಕ್ಷೇಪದ ಸಾರ. ಹೇಳುವವರು ಸಾಮಾನ್ಯವಾಗಿ ‘ಇದು ಪ್ರಾಗಿತಿಹಾಸ ಸಿದ್ಧಪಡಿಸಿದ ಸತ್ಯ’ ಎಂದು ಒಂದು ಮುದ್ರೆಯನ್ನೂ ಒತ್ತುತ್ತಾರೆ.

ಇದಕ್ಕೆ ಜೈನ ವಿದ್ವಾಂಸರ ಕಡೆಯಿಂದ ಎರಡು ಬಗೆಯ ಉತ್ತರಗಳು ಬರುವುದುಂಟು. ಕೆಲವರು ಪ್ರಾಗಿತಿಹಾಸದ ಗೊಡವೆಯೇ ಬೇಡವೆಂದು ಸುಮ್ಮನಾಗುತ್ತಾರೆ. ಮತ್ತೆ ಕೆಲವರು ಭೋಗಭೂಮಿಯ ವರ್ಣನೆಯನ್ನು ಮುಂದಿಟ್ಟು, ಕಲ್ಪವೃಕ್ಷಗಳು ಬೇಕಾದುದನ್ನೆಲ್ಲ ಕೊಡುತ್ತಿದ್ದ ಆ ಕಾಲದಲ್ಲಿ ಕೊಲೆಗೆ ಎಡೆಯೇ ಇರಲಿಲ್ಲವೆಂದು ವಾದಿಸುತ್ತಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಮೊದಲನೆಯದು ಪ್ರಶ್ನೆಯಿಂದ ನುಣುಚಿಕೊಳ್ಳುವ ದಾರಿ. ಎರಡನೆಯದು ಪುರಾಣವನ್ನು ಉತ್ಖನನದ ವರದಿಯಂತೆ ಓದುತ್ತದೆ. ಇದರಿಂದ ಪುರಾಣಕ್ಕೂ ಪುರಾತತ್ತ್ವಕ್ಕೂ ಅನ್ಯಾಯವಾಗುತ್ತದೆ. ಆಕ್ಷೇಪ ಎತ್ತಿದವರು ಯಾವ ನೆಲದ ಮೇಲೆ ನಿಂತು ಮಾತನಾಡುತ್ತಾರೋ ಆ ನೆಲವನ್ನೇ ಅಗೆದು ನೋಡುವುದು ಸರಿಯಾದ ಕ್ರಮ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆದಿಮ ಬೇಟೆಗಾರನನ್ನು ಕುರಿತು ನಮ್ಮ ಮನಸ್ಸಿನಲ್ಲಿರುವ ಚಿತ್ರದಲ್ಲಿ ಮೂಳೆಗಳ ಪಾಲು ಕಡಿಮೆ, ಕಥೆಗಾರರ ಪಾಲು ಹೆಚ್ಚು. ಪ್ರಾಚೀನರು ಪ್ರಾಣಿಗಳನ್ನು ಕೊಂದು ತಿಂದದ್ದು ನಿಜ. ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಮೂಳೆಗಳು ತಿಳಿಸುವುದು ಪ್ರಾಣಿಗಳ ಮೇಲಿನ ಅವರ ಅವಲಂಬನೆಯನ್ನು; ಕೊಲೆಯೇ ಅವರ ಸ್ವಭಾವವಾಗಿತ್ತೆಂಬುದಕ್ಕೆ ಅಲ್ಲಿ ಆಧಾರವಿಲ್ಲ. ಈ ಸಂಗತಿಯನ್ನು ಎದುರುಗೊಳ್ಳಲು ಜೈನ ಸಾಹಿತ್ಯದ ಓದುಗರಿಗೆ ಸಂಕೋಚವೂ ಬೇಕಿಲ್ಲ.

‘ಹುಟ್ಟು ಬೇಟೆಗಾರ’ ಎಂಬ ಕಲ್ಪನೆ ಎಲ್ಲಿಂದ ಬಂತೆಂಬುದನ್ನು ಮೊದಲು ನೋಡೋಣ. ದಕ್ಷಿಣ ಆಫ್ರಿಕದ ಟಾಂಗ್ ಎಂಬಲ್ಲಿ ದೊರೆತ ಮಗುವಿನ ತಲೆಬುರುಡೆಯನ್ನು 1925ರಲ್ಲಿ ಲೋಕಕ್ಕೆ ಪರಿಚಯಿಸಿ, ಅದಕ್ಕೆ ಆಸ್ಟ್ರಲೋಪಿಥೆಕಸ್ ಎಂದು ಹೆಸರಿಟ್ಟವನು ಅಂಗರಚನಾಶಾಸ್ತ್ರಜ್ಞ ರೇಮಂಡ್ ಡಾರ್ಟ್. ಮುಂದೆ ಅವನು ಮಕಾಪಾನ್ಸ್‌ಗಾಟ್ ಗುಹೆಯಲ್ಲಿ ರಾಶಿಯಾಗಿ ಸಿಕ್ಕ ಪ್ರಾಣಿಗಳ ಮೂಳೆಗಳನ್ನು ಪರಿಶೀಲಿಸಿದ. ಕೆಲವು ಭಾಗದ ಮೂಳೆಗಳು ಹೇರಳವಾಗಿದ್ದವು, ಕೆಲವು ಇರಲೇ ಇಲ್ಲ. ಈ ಆಯ್ಕೆ ಆಕಸ್ಮಿಕವಲ್ಲ, ನಮ್ಮ ಪೂರ್ವಜರು ಮೂಳೆ, ಹಲ್ಲು, ಕೊಂಬುಗಳನ್ನು ಆಯುಧವಾಗಿ ಆರಿಸಿ ತಂದದ್ದೇ ಇದಕ್ಕೆ ಕಾರಣ ಎಂದು ಡಾರ್ಟ್ ತೀರ್ಮಾನಿಸಿದ. ಕೊಲ್ಲುವ ಪ್ರವೃತ್ತಿಯೇ ವಾನರನನ್ನು ಮನುಷ್ಯನನ್ನಾಗಿ ಮಾಡಿತೆಂಬುದು 1953ರ ಹೊತ್ತಿಗೆ ಅವನ ಸಿದ್ಧಾಂತವಾಗಿತ್ತು. ವಿದ್ವಾಂಸರು ಇದನ್ನು ಸಂಶಯದಿಂದಲೇ ಕಂಡರು. ಅದನ್ನು ಮನೆಮನೆಗೆ ಮುಟ್ಟಿಸಿದವನು ರಾಬರ್ಟ್ ಆರ್ಡ್ರಿ. 1961ರಲ್ಲಿ ಅವನು ಬರೆದ ‘ಆಫ್ರಿಕನ್ ಜೆನೆಸಿಸ್’ ಬಹಳ ಜನಪ್ರಿಯವಾಯಿತು. ಆರ್ಡ್ರಿ ಪುರಾತತ್ತ್ವಜ್ಞನಲ್ಲ, ನಾಟಕಕಾರ, ಚಲನಚಿತ್ರಗಳಿಗೆ ಚಿತ್ರಕಥೆ ಬರೆಯುತ್ತಿದ್ದವನು. ಸಾಹಿತ್ಯದ ವಿದ್ಯಾರ್ಥಿಗಳು ಈ ಅಂಶವನ್ನು ಗುರುತು ಹಾಕಿಕೊಳ್ಳಬೇಕು. ಇಂದು ‘ವಿಜ್ಞಾನ ಹೇಳಿತು’ ಎಂದು ನಾವು ಉದ್ಧರಿಸುವ ಮಾತು ಬಹುಮಟ್ಟಿಗೆ ಒಬ್ಬ ನಾಟಕಕಾರನ ಲೇಖನಿಯಿಂದ ಹರಿದುಬಂದದ್ದು.

ಡಾರ್ಟನ ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡಿದವನು ಅದೇ ದೇಶದ ಸಿ. ಕೆ. ಬ್ರೇನ್. ಅವನ ಕ್ರಮ ಸಂಶೋಧಕರೆಲ್ಲರಿಗೂ ಮಾದರಿಯಾಗುವಂಥದು. ಅವನು ಮೊದಲು ಹೋದದ್ದು ನಮೀಬಿಯಾದ ಕುಯಿಸೆಬ್ ನದಿಯ ದಂಡೆಯ ಮೇಲೆ ಮೇಕೆ ಸಾಕಿಕೊಂಡಿದ್ದವರ ಹಟ್ಟಿಗಳಿಗೆ. ಅಲ್ಲಿ ಜನ ತಿಂದೆಸೆದು, ನಾಯಿಗಳು ಕಡಿದು ಬಿಟ್ಟ ಮೇಕೆಯ ಮೂಳೆಗಳನ್ನು ಆಯ್ದು ಎಣಿಸಿದ. ಗಟ್ಟಿಯಾದ ಮೂಳೆಗಳು ಉಳಿದಿದ್ದವು, ಮೆದುವಾದವು ಅಳಿದಿದ್ದವು. ಉಳಿದವುಗಳ ಪ್ರಮಾಣ ಮಕಾಪಾನ್ಸ್‌ಗಾಟಿನ ರಾಶಿಯ ಪ್ರಮಾಣಕ್ಕೆ ಬಹಳ ಹತ್ತಿರವಾಗಿತ್ತು. ಡಾರ್ಟ್ ‘ಆಯ್ಕೆ’ ಎಂದು ಕರೆದದ್ದು ನಿಜವಾಗಿ ಮೂಳೆಯ ಗಡಸುತನದ ಫಲ. ಆ ಮೇಲೆ ಬ್ರೇನ್ ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ ವರ್ಷಗಟ್ಟಲೆ ಅಗೆದ. ಅಲ್ಲಿ ದೊರೆತಿದ್ದ ಮಾನವಪೂರ್ವಜನ ಎಳೆಯ ಬುರುಡೆಯೊಂದರಲ್ಲಿ ಎರಡು ರಂಧ್ರಗಳಿದ್ದವು. ಚಿರತೆಯ ಕೆಳದವಡೆಯ ಎರಡು ಕೋರೆಹಲ್ಲುಗಳನ್ನು ತಂದಿಟ್ಟಾಗ ಅವು ಆ ರಂಧ್ರಗಳಿಗೆ ಸರಿಯಾಗಿ ಹೊಂದಿದವು. ಗುಹೆಯ ಬಾಯಿಯ ಮೇಲಿನ ಮರಗಳಲ್ಲಿ ಚಿರತೆ ತನ್ನ ಬೇಟೆಯನ್ನು ಏರಿಸಿಟ್ಟು ತಿನ್ನುವುದು, ತಿಂದು ಬಿಟ್ಟ ಮೂಳೆಗಳು ಗುಹೆಯೊಳಕ್ಕೆ ಬೀಳುವುದು. ರಾಶಿ ಬೆಳೆದದ್ದು ಹಾಗೆ ಎಂದು ಬ್ರೇನ್ ವಿವರಿಸಿದ. 1981ರ ಅವನ ಗ್ರಂಥದ ಹೆಸರೇ ಆ ಮೂಳೆಗಳು ಬೇಟೆಗಾರರವೋ ಬೇಟೆಯಾದವರವೋ ಎಂದು ಕೇಳುತ್ತದೆ. ಡಾರ್ಟನ ಟಾಂಗ್ ಶಿಶುವನ್ನು ಕೂಡ ದೊಡ್ಡದೊಂದು ಹದ್ದು ಹೊತ್ತೊಯ್ದಿರಬೇಕೆಂದು 1995ರಲ್ಲಿ ಇಬ್ಬರು ವಿದ್ವಾಂಸರು ಆ ಬುರುಡೆಯ ಗುರುತುಗಳ ಆಧಾರದಿಂದ ವಾದಿಸಿದರು. ಮೊದಲ ಕೊಲೆಗಾರನ ತಲೆಬುರುಡೆಗಳೆಂದು ಯಾವುವನ್ನು ಹಿಡಿದಿದ್ದೆವೋ ಅವು ಕೊಲೆಯಾದವರ ತಲೆಬುರುಡೆಗಳಾಗಿದ್ದವು.

ಹಾಗೆಂದು ಬೇಟೆಯೇ ಇರಲಿಲ್ಲವೆಂದು ಹೇಳಲಾಗದು. ಇಥಿಯೋಪಿಯದ ಬೌರಿ ಎಂಬಲ್ಲಿ ಸುಮಾರು 25 ಲಕ್ಷ ವರ್ಷ ಹಿಂದಿನ ಪ್ರಾಣಿಮೂಳೆಗಳ ಮೇಲೆ ಕಲ್ಲಿನ ಅಲಗಿನಿಂದ ಕೊಯ್ದ ಗೀರುಗಳಿವೆ. ಸತ್ತ ಪ್ರಾಣಿಯನ್ನು ಕೊಯ್ದರೋ ತಾವೇ ಕೊಂದರೋ ಎಂಬುದನ್ನು ಗೀರುಗಳಷ್ಟೇ ಹೇಳಲಾರವು. ಆದರೆ ಜರ್ಮನಿಯ ಶೋನಿಂಗನ್ ಕಲ್ಲಿದ್ದಲ ಗಣಿಯಲ್ಲಿ 1990ರ ದಶಕದಲ್ಲಿ ಹಾರ್ಟ್‌ಮುಟ್ ಟೀಮೆ ಅಗೆದು ತೆಗೆದ ಮರದ ಭರ್ಜಿಗಳು ಸಂಶಯಕ್ಕೆ ಎಡೆಗೊಡುವುದಿಲ್ಲ. ಅವುಗಳ ಸುತ್ತ ಇಪ್ಪತ್ತಕ್ಕೂ ಹೆಚ್ಚು ಕಾಡುಕುದುರೆಗಳ ಮೂಳೆಗಳಿದ್ದವು. ಬಹುಕಾಲ ಇವನ್ನು ಮೂರು ಲಕ್ಷ ವರ್ಷ ಹಳೆಯವೆಂದು ಎಣಿಸಲಾಗಿತ್ತು. ಇತ್ತೀಚಿನ ಕಾಲನಿರ್ಣಯ ಎರಡು ಲಕ್ಷ ವರ್ಷಕ್ಕೆ ಇಳಿಸಿದೆ. ಹೇಗಾದರೂ ಅಷ್ಟು ಹಿಂದೆಯೇ ಮನುಷ್ಯರು ಸರೋವರದ ದಂಡೆಯಲ್ಲಿ ಕುದುರೆಗಳ ಹಿಂಡಿಗೆ ಹೊಂಚಿ ಕುಳಿತಿದ್ದರೆಂಬುದು ನಿಶ್ಚಯ. ಓಟದಲ್ಲಿ ಕುದುರೆಗೆ ಸಾಟಿಯಿಲ್ಲದ ಮನುಷ್ಯ ಅದನ್ನು ಪಡೆಯಬೇಕಾದರೆ ಅದರ ಹಾದಿ, ನೀರಿಗೆ ಬರುವ ಹೊತ್ತು, ಬೆದರುವ ಬಗೆ ಎಲ್ಲವನ್ನೂ ಬಲ್ಲವನಾಗಿರಬೇಕು. ಜೊತೆಯವರ ನೆರವೂ ಬೇಕು.

ಇಲ್ಲಿ ಎರಡನೆಯ ಕಥೆಗಾರನ ಪ್ರವೇಶವಾಗುತ್ತದೆ. ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ, ಮಾಕೊನ್ ಪಟ್ಟಣದ ಹತ್ತಿರ, ಸೊಲುತ್ರೆ ಎಂಬ ಕಡಿದಾದ ಸುಣ್ಣಕಲ್ಲಿನ ಬೆಟ್ಟವಿದೆ. ಅದರ ತಪ್ಪಲಲ್ಲಿ ಕುದುರೆಮೂಳೆಗಳ ದಟ್ಟವಾದ ಪದರವೇ ಇದೆ. 1866ರಲ್ಲಿ ಅಲ್ಲಿ ಅಗೆತ ಆರಂಭಿಸಿದವರಲ್ಲಿ ಆದ್ರಿಯೆನ್ ಆರ್ಸೆಲಿನ್ ಒಬ್ಬ. 1872ರಲ್ಲಿ ಅವನು ಹಿಮಸಾರಂಗದ ಬೇಟೆಗಾರರನ್ನು ಕುರಿತು ಒಂದು ಕಾದಂಬರಿ ಬರೆದ. ತನ್ನ ಹೆಸರಿನ ಅಕ್ಷರಗಳನ್ನೇ ತಿರುವಿ ಕ್ರಾನಿಲ್ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಬೇಟೆಗಾರರು ಕೂಗುತ್ತ ಅಟ್ಟಿಸಿಕೊಂಡು ಬರಲು ಬೆದರಿದ ಕುದುರೆಗಳ ಹಿಂಡು ಬೆಟ್ಟದ ತುದಿಯಿಂದ ಪ್ರಪಾತಕ್ಕೆ ಹಾರಿ ರಾಶಿರಾಶಿಯಾಗಿ ಸಾಯುವ ದೃಶ್ಯ ಆ ಕಾದಂಬರಿಯದು. ದೃಶ್ಯ ಎಷ್ಟು ಪ್ರಭಾವಶಾಲಿಯಾಗಿತ್ತೆಂದರೆ ಚಿತ್ರಕಾರರು ಅದನ್ನು ಚಿತ್ರಿಸಿದರು, ಜನಪ್ರಿಯ ಇತಿಹಾಸದ ಪುಸ್ತಕಗಳು ಅದನ್ನು ಸಂಗತಿಯೆಂದೇ ಅಚ್ಚುಹಾಕಿದವು.

ಮೂಳೆಗಳು ಮಾತ್ರ ಈ ಕಥೆಯನ್ನು ಒಪ್ಪುವುದಿಲ್ಲ. ಅವು ಬಿದ್ದಿರುವುದು ಬಂಡೆಯ ಅಂಚಿಗೆ ನೇರ ಕೆಳಗಲ್ಲ. ಅಂಚಿನಿಂದ ದೂರದ ಇಳಿಜಾರಿನಲ್ಲಿ. ಎತ್ತರದಿಂದ ಬಿದ್ದು ಮುರಿದ ಗುರುತುಗಳೂ ಅವುಗಳ ಮೇಲಿಲ್ಲ. ಅಮೆರಿಕದ ಪ್ರಾಣ್ಯವಶೇಷ ತಜ್ಞೆ ಸಾಂಡ್ರಾ ಓಲ್ಸೆನ್ 1980ರ ದಶಕದಲ್ಲಿ ಇವನ್ನು ಪರಿಶೀಲಿಸಿ, ಕುದುರೆಗಳು ಋತುವಿಗೆ ತಕ್ಕಂತೆ ವಲಸೆ ಹೋಗುವಾಗ ಬೆಟ್ಟದ ಮಗ್ಗುಲಿನ ಹಾದಿಯಲ್ಲಿ ಬೇಟೆಗಾರರು ಅಡ್ಡಗಟ್ಟಿ, ಬಂಡೆಯ ಸಂದಿಯೊಳಕ್ಕೆ ತಿರುಗಿಸಿ ಭರ್ಜಿಯಿಂದ ಕೊಲ್ಲುತ್ತಿದ್ದರೆಂದು ತೋರಿಸಿದಳು. ಸಂಖ್ಯೆಯನ್ನೂ ಸ್ವಲ್ಪ ವಿಚಾರಿಸಬೇಕು. ಅಲ್ಲಿ ಸತ್ತ ಕುದುರೆಗಳು ಸುಮಾರು 32,000ದಿಂದ 1,00,000ದವರೆಗೆ ಎಂಬ ಅಂದಾಜುಗಳಿವೆ. ಕೇಳಿದೊಡನೆ ಭಯಂಕರವೆನಿಸುತ್ತದೆ. ಆದರೆ ಆ ಜಾಗ ಬೇಟೆಗೆ ಬಳಕೆಯಾದ ಅವಧಿ ಇಪ್ಪತ್ತು ಸಾವಿರ ವರ್ಷಕ್ಕೂ ಮಿಗಿಲು. ದೊಡ್ಡ ಅಂದಾಜನ್ನೇ ಹಿಡಿದರೂ ಸರಾಸರಿ ವರ್ಷಕ್ಕೆ ಐದು ಕುದುರೆಗಳಾಗುತ್ತವೆ. ಪ್ರತಿವರ್ಷವೂ ಐದೇ ಸತ್ತವೆಂದು ಇದರ ಅರ್ಥವಲ್ಲ. ಕೆಲವು ವರ್ಷ ಹೆಚ್ಚು, ಹಲವು ವರ್ಷ ಏನೂ ಇಲ್ಲದಿರಬಹುದು. ಕಾದಂಬರಿಕಾರ ಎರಡು ನೂರು ಶತಮಾನಗಳ ರಾಶಿಯನ್ನು ಒಂದು ಮಧ್ಯಾಹ್ನದ ದೃಶ್ಯವಾಗಿ ಇಳಿಸಿದ. ಕಾಲವನ್ನು ಹೀಗೆ ಅಡಕಗೊಳಿಸುವುದು ಕಾವ್ಯಕ್ಕೆ ಅನುಮತವಾದದ್ದು, ಇತಿಹಾಸಕ್ಕೆ ಅಲ್ಲ.

ಪ್ರತಿಪಕ್ಷದ ಸಾಕ್ಷ್ಯವನ್ನು ಮುಚ್ಚಿಡುವುದೂ ಪ್ರಾಮಾಣಿಕತೆಯಲ್ಲ. ಸೊಲುತ್ರೆಯಲ್ಲಿ ನಡೆಯದೆ ಇದ್ದದ್ದು ಬೇರೆ ಕಡೆ ನಡೆದಿದೆ. ಕೆನಡಾದ ಆಲ್ಬರ್ಟಾ ಪ್ರಾಂತದಲ್ಲಿ ಸುಮಾರು ಆರು ಸಾವಿರ ವರ್ಷಗಳ ಕಾಲ ಕಾಡೆಮ್ಮೆಗಳ ಹಿಂಡುಗಳನ್ನು ಬಂಡೆಯಂಚಿನಿಂದ ಬೀಳಿಸಿ ಕೊಂದ ನೆಲೆಯೊಂದಿದೆ. 1981ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಮೆರಿಕದ ಕೊಲೊರಾಡೊದಲ್ಲಿ ಸುಮಾರು ಹತ್ತು ಸಾವಿರ ವರ್ಷ ಹಿಂದೆ ಒಂದು ಕೊರಕಲಿಗೆ ಅಟ್ಟಿದ ಇನ್ನೂರರಷ್ಟು ಕಾಡೆಮ್ಮೆಗಳಲ್ಲಿ ತಳದಲ್ಲಿ ಸಿಲುಕಿದ ಕೆಲವನ್ನು ಯಾರೂ ಕೊಯ್ದೇ ಇಲ್ಲ. ಅವು ವ್ಯರ್ಥವಾಗಿ ಸತ್ತವು. ಮ್ಯಾಮತ್‌ನಂಥ ಬೃಹತ್ ಪ್ರಾಣಿಗಳ ಅಳಿವಿಗೆ ಬೇಟೆಯೇ ಮುಖ್ಯ ಕಾರಣವೋ ಹವಾಮಾನದ ಬದಲಾವಣೆಯೋ ಎಂಬ ವಾದ 1960ರ ದಶಕದಲ್ಲಿ ಪಾಲ್ ಮಾರ್ಟಿನ್ ಎತ್ತಿದಂದಿನಿಂದ ಇಂದಿಗೂ ಮುಗಿದಿಲ್ಲ. ಆದ್ದರಿಂದ ಆದಿಮ ಬೇಟೆಗಾರನನ್ನು ಕಾಡಿನ ಋಷಿಯನ್ನಾಗಿ ಮಾಡುವುದೂ ಇನ್ನೊಂದು ಕಾದಂಬರಿಯೇ ಆದೀತು. ಅವನು ಮಿತಿಯನ್ನು ಅರಿತು ಕೊಂದ ಉದಾಹರಣೆಗಳಿವೆ, ಅರಿಯದೆ ಕೊಂದವೂ ಇವೆ.

ಹಾಗಾದರೆ ಒಟ್ಟಾರೆಯಾಗಿ ಏನು ಹೇಳಬಹುದು? ಅವಲಂಬನೆ ಎಂದು ಮೇಲೆ ಕರೆದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಪ್ಯಾರಿಸಿಗೆ ಅನತಿದೂರದಲ್ಲಿ ಸೇನ್ ನದಿಯ ದಂಡೆಯ ಪ್ಯಾಂಸವಾಂ ಎಂಬಲ್ಲಿ 1964ರಿಂದ ಆಂದ್ರೆ ಲೆರ್ವಾ-ಗೂರಾಂ ಮತ್ತು ಅವನ ಸಂಗಡಿಗರು ಅಂಗೈಯಗಲ ನೆಲವನ್ನೂ ಬಿಡದೆ ಕೆದಕಿ ನೋಡಿದರು. ಹದಿಮೂರು ಹದಿನಾಲ್ಕು ಸಾವಿರ ವರ್ಷ ಹಿಂದೆ ಹಿಮಸಾರಂಗಗಳು ಹೊಳೆ ದಾಟುವ ಜಾಗದಲ್ಲಿ ಬೇಟೆಗಾರರು ಬೀಡುಬಿಟ್ಟಿದ್ದರು. ಮರಿಗಳ ಹಲ್ಲು ಮೂಡಿದ ಹಂತವನ್ನು ನೋಡಿ ಅದು ಶರತ್ಕಾಲದ ಬೇಟೆಯೆಂದು ತಿಳಿಯಲಾಯಿತು. ಅದಕ್ಕಿಂತ ಮನಸ್ಸನ್ನು ಹಿಡಿಯುವ ಸಂಗತಿ ಇನ್ನೊಂದಿದೆ. ಒಂದೇ ಸಾರಂಗದ ಎಡ ಬಲ ಮೂಳೆಗಳನ್ನು ಜೋಡಿಸುತ್ತ ಹೋದಾಗ ಅವು ಬೇರೆಬೇರೆ ಒಲೆಗಳ ಬಳಿ ಹಂಚಿಹೋಗಿದ್ದುದು ಕಂಡುಬಂತು. ಒಂದು ಒಲೆಯವರು ಕೊಂದ ಪ್ರಾಣಿಯ ಪಾಲು ಇನ್ನೊಂದು ಒಲೆಗೆ ಹೋಗುತ್ತಿತ್ತು. ಮಾಂಸವಷ್ಟೇ ಅಲ್ಲ, ಸಾರಂಗದ ತೊಗಲು ಆ ಚಳಿಯಲ್ಲಿ ಉಡುಪು ಮತ್ತು ಸೂರು, ನರ ಹೊಲಿಗೆಯ ದಾರ, ಮೂಳೆ ಸೂಜಿ, ಕವಲ್ಗೊಂಬು ಭರ್ಜಿಯ ಮೊನೆ, ಮಜ್ಜೆ ಚಳಿಗಾಲದ ಕೊಬ್ಬು. ಉಕ್ರೇನಿನ ಮೆಝಿರಿಚ್‌ನಲ್ಲಿ 1965ರಲ್ಲಿ ರೈತನೊಬ್ಬ ನೆಲಮಾಳಿಗೆ ಅಗೆಯುವಾಗ ಬೆಳಕಿಗೆ ಬಂದ ಗುಡಿಸಲುಗಳನ್ನಂತೂ ಮ್ಯಾಮತ್‌ನ ದವಡೆ, ದಂತ, ತೊಡೆಮೂಳೆಗಳಿಂದಲೇ ಕಟ್ಟಲಾಗಿತ್ತು. ಪ್ರಾಣಿ ಇಲ್ಲವಾದರೆ ಈ ಜನರಿಗೆ ಮನೆಯಿಲ್ಲ, ಬಟ್ಟೆಯಿಲ್ಲ, ಬೆಳಕಿಲ್ಲ.

ಆದರೂ ಆ ಸಂಬಂಧ ಹೊಟ್ಟೆಯಲ್ಲೇ ಮುಗಿಯಲಿಲ್ಲ. 1940ರಲ್ಲಿ ಬೆಳಕಿಗೆ ಬಂದ ಲಾಸ್ಕೋ ಗುಹೆಯಲ್ಲಿ, ಸುಮಾರು 17,000 ವರ್ಷ ಹಿಂದಿನ ಚಿತ್ರಕಾರರು ತಿಂದು ಬಿಟ್ಟ ಮೂಳೆಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹಿಮಸಾರಂಗದವು. ಗೋಡೆಗಳ ಮೇಲೆ ಗುರುತಿಸಬಹುದಾದ ಸುಮಾರು 600 ಪ್ರಾಣಿಚಿತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಕುದುರೆಗಳು. ಕಾಡುಗೂಳಿ, ಕಾಡೆಮ್ಮೆ, ಕಡವೆಗಳೂ ಇವೆ. ಹಿಮಸಾರಂಗ ಇರುವುದು ಒಂದೇ ಒಂದು. ಚಿತ್ರಗಳು ಬೇಟೆ ಕೈಗೂಡಲೆಂದು ಮಾಡಿದ ಮಾಟವೆಂಬ ಹಳೆಯ ವಿವರಣೆ ಇಲ್ಲಿಗೆ ಬಂದು ಸೋಲುತ್ತದೆ. ದಿನವೂ ತಿನ್ನುವ ಪ್ರಾಣಿಯನ್ನು ಬಿಟ್ಟು ಮತ್ತೊಂದನ್ನು ಅಷ್ಟು ಶ್ರಮದಿಂದ, ಅಷ್ಟು ಕತ್ತಲಲ್ಲಿ, ಅಷ್ಟು ಚೆಲುವಾಗಿ ಬರೆದವನ ಮನಸ್ಸಿನಲ್ಲಿ ಪ್ರಾಣಿಗೆ ಆಹಾರವಲ್ಲದ ಮತ್ತೊಂದು ಸ್ಥಾನವಿತ್ತೆಂಬುದಷ್ಟು ಸ್ಪಷ್ಟ. ಆ ಗುಹೆಯಲ್ಲಿರುವ ಮನುಷ್ಯಚಿತ್ರವೂ ಒಂದೇ. ಅವನು ಗಾಯಗೊಂಡ ಕಾಡೆಮ್ಮೆಯೆದುರು ಹಿಂದಕ್ಕೆ ಉರುಳುತ್ತಿದ್ದಾನೆ. ನಮ್ಮ ಭೀಮ್‌ಬೇಟ್ಕಾದ ಬಂಡೆಯಾಸರೆಯೊಂದರಲ್ಲಿಯೂ ಕೊಂಬುಳ್ಳ ಹಂದಿಯಂಥ ದೈತ್ಯಪ್ರಾಣಿ ಪುಟ್ಟದೊಂದು ಮನುಷ್ಯಾಕೃತಿಯನ್ನು ಅಟ್ಟಿಸಿಕೊಂಡು ಹೋಗುತ್ತಿದೆ. ಈ ಎರಡು ಚಿತ್ರಗಳಿಗೆ ದೇಶದಲ್ಲಿಯೂ ಕಾಲದಲ್ಲಿಯೂ ನಂಟಿಲ್ಲ. ಆದರೆ ಬೇಟೆಯ ಜನ ತಮ್ಮನ್ನು ಯಾವಾಗಲೂ ವಿಜಯಿಗಳೆಂದೇ ಬರೆದುಕೊಳ್ಳಲಿಲ್ಲವೆಂಬುದನ್ನು ಎರಡೂ ತೋರಿಸುತ್ತವೆ.

ಹೆಸರಿನ ವಿಚಾರವನ್ನೂ ಇಲ್ಲಿ ಎತ್ತಬೇಕು. ಈ ದೀರ್ಘಕಾಲವನ್ನು ನಾವು ‘ಶಿಲಾಯುಗ’ ಎನ್ನುತ್ತೇವೆ. ಕೋಪನ್‌ಹೇಗನ್ ವಸ್ತುಸಂಗ್ರಹಾಲಯದ ಥಾಮ್ಸೆನ್ ಕಲ್ಲು, ಕಂಚು, ಕಬ್ಬಿಣಗಳ ಅನುಕ್ರಮವನ್ನು 1836ರಲ್ಲಿ ಪ್ರಕಟಿಸಿದ. 1865ರಲ್ಲಿ ಲಬಕ್ ಶಿಲಾಯುಗವನ್ನು ಹಳೆಯದು, ಹೊಸದು ಎಂದು ಒಡೆದ. ಇವೆರಡರ ನಡುವೆ, 1861ರಲ್ಲಿ, ಫ್ರಾನ್ಸಿನ ಎದ್ವಾರ್ ಲಾರ್ತೆ ಬೇರೆಯದೇ ಒಂದು ಕ್ರಮವನ್ನು ಸೂಚಿಸಿದ್ದ. ಅವನ ಯುಗಗಳು ಗುಹೆಗರಡಿಯ ಕಾಲ, ಮ್ಯಾಮತ್ ಮತ್ತು ಖಡ್ಗಮೃಗದ ಕಾಲ, ಹಿಮಸಾರಂಗದ ಕಾಲ, ಕಾಡುಗೂಳಿಯ ಕಾಲ. ಪ್ರಾಣಿಗಳ ಬರುಹೋಗು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾದ್ದರಿಂದ ಈ ಕ್ರಮ ಕಾಲಗಣನೆಗೆ ಒದಗಲಿಲ್ಲ; ಮೊರ್ತಿಯೆ ಆಯುಧಗಳ ಆಕಾರವನ್ನು ಹಿಡಿದು ಮಾಡಿದ ವಿಂಗಡಣೆ ಗೆದ್ದಿತು. ವಿಂಗಡಣೆಗೆ ಅದೇ ಅನುಕೂಲವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬದುಕನ್ನು ಹೆಸರಿಸುವ ದೃಷ್ಟಿಯಿಂದ ಲಾರ್ತೆಯ ಹೆಸರುಗಳೇ ಸತ್ಯಕ್ಕೆ ಸಮೀಪ. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ ನಾವು ಆ ಕಾಲವನ್ನು ಅಜೀವದಿಂದ ಗುರುತಿಸಿ ಜೀವವನ್ನು ಮರೆತೆವು. ಕಲ್ಲನ್ನು ಹಿಡಿದ ಕೈ ಕಣ್ಣಿಗೆ ಬಿತ್ತು. ಆ ಕೈಗೆ ಬಲವಿತ್ತ ಪ್ರಾಣಿ ಬೀಳಲಿಲ್ಲ.

ಇದಕ್ಕೆ ಕನ್ನಡ ನೆಲದಲ್ಲಿಯೇ ಒಂದು ನಿದರ್ಶನವಿದೆ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ಶೋಧಿಸಿದ ನೆಲೆ, ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿಗಳನ್ನು ತಯಾರಿಸುತ್ತಿದ್ದ ಆದಿಮ ಕಾರ್ಯಾಗಾರ. ಸಾವಿರಾರು ಕಲ್ಲಿನ ಉಪಕರಣಗಳು ಅಲ್ಲಿ ದೊರೆತವು. ಆದರೆ ಆ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದೆಂಬ ಕಾಲನಿರ್ಣಯ ಬಂದದ್ದು ಕಲ್ಲುಗಳಿಂದಲ್ಲ. ಅಲ್ಲಿ ದೊರೆತ ಕಾಡುದನದ ಹಲ್ಲುಗಳಿಂದ. ಕರ್ನಾಟಕದ ಮೊದಲ ನಿವಾಸಿಗಳ ವಯಸ್ಸನ್ನು ನಮಗೆ ಹೇಳಿರುವುದು ಒಂದು ಪ್ರಾಣಿ. ಉತ್ತರಪ್ರದೇಶದ ಮಹಾದಹದಲ್ಲಿ ಜಿ. ಆರ್. ಶರ್ಮ ಅವರ ತಂಡ ಅಗೆದು ತೆಗೆದ ಮಧ್ಯಶಿಲಾಯುಗದ ನೆಲೆಯಲ್ಲಿ ಸರೋವರದ ದಂಡೆಯ ಮೇಲೆ ಪ್ರಾಣಿಗಳನ್ನು ಕಡಿಯುತ್ತಿದ್ದ ಜಾಗವೂ ಇದೆ, ಮೂಳೆಯ ಆಭರಣ ತೊಡಿಸಿ ಹೂಳಿದ ಮನುಷ್ಯರ ಸಮಾಧಿಗಳೂ ಇವೆ. ತಿಂದ ಪ್ರಾಣಿಯ ಮೂಳೆಯೇ ಸತ್ತವರ ಒಡವೆಯಾಗಿ ಅವರೊಡನೆ ಮಣ್ಣಿಗೆ ಹೋಯಿತು. ಮುಂದೆ ನವಶಿಲಾಯುಗದಲ್ಲಿ, ಬಳ್ಳಾರಿ ರಾಯಚೂರು ಸೀಮೆಯ ಬೂದಿದಿಬ್ಬಗಳ ಕಾಲಕ್ಕೆ, ಈ ಸಂಬಂಧ ದನದ ಕೊಟ್ಟಿಗೆಗೆ ಬಂದು ನಿಲ್ಲುತ್ತದೆ. ಅವು ಸಗಣಿಯ ರಾಶಿ ಉರಿದು ಆದ ದಿಬ್ಬಗಳೆಂಬುದನ್ನು ಉಟ್ನೂರಿನ ಉತ್ಖನನ ಸ್ಥಿರಪಡಿಸಿತು.

ಈಗ ಮೊದಲಿನ ಆಕ್ಷೇಪಕ್ಕೆ ಮರಳಬಹುದು. ಅದರಲ್ಲಿ ‘ಸ್ವಭಾವ’ ಎಂಬ ಮಾತಿನ ಬಳಕೆಯೇ ಸಡಿಲವಾದದ್ದು. ಬಹುಕಾಲ ಮಾಡಿದ್ದೆಲ್ಲ ಸ್ವಭಾವವಾಗುವುದಾದರೆ ಚಿರತೆಯ ಬಾಯಿಗೆ ಬೀಳುವುದೂ ಮನುಷ್ಯನ ಸ್ವಭಾವವೇ ಆಗಬೇಕಾಗುತ್ತದೆ. ಜೈನ ದರ್ಶನ ಸ್ವಭಾವ, ವಿಭಾವ ಎಂದು ಭೇದ ಮಾಡುತ್ತದೆ. ಪರನಿಮಿತ್ತದಿಂದ ಉಂಟಾದ ಪರಿಣತಿಯನ್ನು ವಸ್ತುವಿನ ನಿಜವೆಂದು ಎಣಿಸುವುದಿಲ್ಲ. ಹಿಮಯುಗದ ಬಯಲಲ್ಲಿ ಹಸಿವು ಮತ್ತು ಚಳಿಗಳು ಮಾಡಿಸಿದ್ದನ್ನು ಜೀವದ ನಿಜವೆಂದು ಹೇಳುವುದು ಆ ಭೇದವನ್ನು ಅರಿಯದ ಮಾತು. ಹಾಗೆಂದು ಹಸಿವಿನಿಂದ ಮಾಡಿದ ಕೊಲೆ ಹಿಂಸೆಯಲ್ಲವೆಂದೂ ಜೈನರು ಹೇಳುವುದಿಲ್ಲ. ಅದು ಹಿಂಸೆಯೇ. ಆದರೆ ಭಾವದ ತೀವ್ರತೆ ಮಂದತೆಗಳಿಗೆ, ಅರಿತು ಮಾಡಿದ್ದಕ್ಕೂ ಅರಿಯದೆ ಮಾಡಿದ್ದಕ್ಕೂ ತಕ್ಕಂತೆ ಕರ್ಮದ ಆಸ್ರವದಲ್ಲಿ ವ್ಯತ್ಯಾಸವಿದೆಯೆಂದು ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯ ತಿಳಿಸುತ್ತದೆ. ಶ್ರಾವಕಾಚಾರಗಳು ಬೇಟೆಯನ್ನು ಎಣಿಸಿರುವುದು ಸಪ್ತವ್ಯಸನಗಳಲ್ಲಿ, ಜೂಜು ಸುರಾಪಾನಗಳ ಸಾಲಿನಲ್ಲಿ. ಹೊಟ್ಟೆ ತುಂಬಿದ ಅರಸ ಮನರಂಜನೆಗಾಗಿ ಆಡುವ ಮೃಗಯೆಯೂ ಪ್ಯಾಂಸವಾಂನ ಒಲೆಗಳಿಗೆ ಪಾಲು ಹಂಚಿದ ಬೇಟೆಯೂ ಹಿಂಸೆಯೇ ಆದರೂ ಒಂದೇ ಅಲ್ಲ. ನಮ್ಮ ಕಾವ್ಯಗಳಲ್ಲಿ ಬರುವ ಬೇಟೆಯ ವರ್ಣನೆಗಳು ಹೆಚ್ಚಾಗಿ ಮೊದಲನೆಯದನ್ನು ಕುರಿತವು; ಅವನ್ನು ಓದಿ ಎರಡನೆಯದನ್ನು ಅಳೆಯಲಾಗದು.

ಪುರಾಣಗಳನ್ನು ಉತ್ಖನನದ ವರದಿಯಾಗಿ ಓದಬಾರದೆಂದೆ. ಆದರೆ ಅವು ಏನನ್ನು ಯೋಚಿಸಿವೆ ಎಂದು ಓದಬಹುದು. ಜಿನಸೇನರ ‘ಆದಿಪುರಾಣ’ದ ಕುಲಕರರ ವೃತ್ತಾಂತದಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಸಂಬಂಧಕ್ಕೊಂದು ಕ್ರಮವಿದೆ. ಮೊದಲು ಎಲ್ಲವೂ ಒಡನಾಡಿಗಳು. ಕ್ಷೇಮಂಕರನ ಕಾಲಕ್ಕೆ ಮೃಗಗಳು ಕ್ರೂರವಾಗತೊಡಗುತ್ತವೆ. ಅವನು ಅವನ್ನು ನಂಬಬೇಡಿರೆಂದು ಎಚ್ಚರಿಸುತ್ತಾನೆ. ಕ್ಷೇಮಂಧರ ಕೋಲು ಮೊದಲಾದವುಗಳಿಂದ ತಮ್ಮನ್ನು ಕಾಪಾಡಿಕೊಳ್ಳುವುದನ್ನು ಕಲಿಸುತ್ತಾನೆ. ವಿಮಲವಾಹನನ ಕಾಲಕ್ಕೆ ಆನೆ ಕುದುರೆಗಳನ್ನು ಏರುವುದು ಬರುತ್ತದೆ. ಕೊನೆಗೆ ವೃಷಭದೇವ ಅಸಿ, ಮಷಿ, ಕೃಷಿ ಮೊದಲಾದ ಆರು ಜೀವನೋಪಾಯಗಳನ್ನು ಕಲಿಸುತ್ತಾನೆ; ಆ ಆರರಲ್ಲಿ ಬೇಟೆಯಿಲ್ಲ. ಇದನ್ನು ಪ್ರಾಗಿತಿಹಾಸದ ನೆನಪೆಂದು ನಾನು ಹೇಳುವುದಿಲ್ಲ. ಪ್ರಾಣಿಯೊಡನೆ ಮನುಷ್ಯನ ಸಂಬಂಧ ಎಂದೆಂದಿಗೂ ಒಂದೇ ತೆರನಾಗಿ ನಿಂತಿಲ್ಲ, ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ ಎಂಬ ಅರಿವು ಒಂಬತ್ತನೆಯ ಶತಮಾನದ ಆ ಆಚಾರ್ಯನಿಗೆ ಇತ್ತೆಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ‘ಹುಟ್ಟು ಬೇಟೆಗಾರ’ ಎನ್ನುವವರಲ್ಲಿ ಇಲ್ಲದಿರುವುದು ಈ ಅರಿವೇ.

ಜಿನಸೇನರ ಶಿಷ್ಯ ಗುಣಭದ್ರರ ‘ಉತ್ತರಪುರಾಣ’ದ ಎರಡು ಕಥೆಗಳನ್ನು ಇದರೊಡನೆ ಓದಬೇಕು. ಖದಿರಸಾರನೆಂಬ ಬೇಡನಿಗೆ ಮುನಿಗಳು ಮಾಂಸವನ್ನೆಲ್ಲ ಒಮ್ಮೆಲೇ ಬಿಡೆಂದು ಹೇಳುವುದಿಲ್ಲ. ಅವನು ಕಾಗೆಯ ಮಾಂಸವೊಂದನ್ನು ಬಿಡುವ ವ್ರತ ತೊಡುತ್ತಾನೆ, ರೋಗ ಬಂದು ಅದೇ ಔಷಧವೆಂದಾಗಲೂ ವ್ರತವನ್ನು ಮುರಿಯುವುದಿಲ್ಲ. ಮುಂದೆ ಅವನೇ ಶ್ರೇಣಿಕ ಮಹಾರಾಜನಾಗಿ ಹುಟ್ಟುತ್ತಾನೆ. ಇನ್ನೊಂದು ವರ್ಧಮಾನ ಜಿನನ ಭವಾವಳಿ. ಅದು ಮೊದಲಾಗುವುದು ಪುರೂರವನೆಂಬ ಬೇಡನಿಂದ. ಕಾಡಿನಲ್ಲಿ ಸಾಗರಸೇನ ಮುನಿಯನ್ನು ಕಂಡು ಜಿಂಕೆಯೆಂದು ಭ್ರಮಿಸಿ ಬಿಲ್ಲನ್ನೆತ್ತಿದಾಗ, ಅವನ ಹೆಂಡತಿ ಕಾಳಿಕೆ ಕೈ ತಡೆಯುತ್ತಾಳೆ. ಅವನು ಬಿಲ್ಲನ್ನಿಳಿಸಿ, ಮುನಿಯ ಬಳಿ ಸಾರಿ, ಮಧು ಮದ್ಯ ಮಾಂಸಗಳ ತ್ಯಾಗವನ್ನು ಸ್ವೀಕರಿಸುತ್ತಾನೆ. ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ತೀರ್ಥಂಕರನ ಪಯಣ ಬೇಟೆಗಾರನೊಬ್ಬನ ಬಿಲ್ಲಿನಿಂದ ಆರಂಭವಾಗುತ್ತದೆಂದು ಹೇಳಲು ಪುರಾಣಕಾರರಿಗೆ ಸ್ವಲ್ಪವೂ ಮುಜುಗರವಾಗಲಿಲ್ಲ. ಪ್ರಾಗಿತಿಹಾಸದ ಬೇಟೆಗಾರರ ಮಾತು ಬಂದಾಗ ನಾವು ಮುಜುಗರಪಡುವುದು ಅನುಚಿತ.

ಅಹಿಂಸೆ ಮನುಷ್ಯ ಹುಟ್ಟಿನಿಂದ ತಂದದ್ದೆಂದು ಯಾವ ಆಗಮವೂ ಹೇಳಿಲ್ಲ. ಅದು ವ್ರತ, ಅಂದರೆ ಅರಿತು ಕೈಗೊಳ್ಳುವಂಥದು. ಆದ್ದರಿಂದ ಪೂರ್ವಜರು ಬೇಟೆಯಾಡಿದರೆಂಬ ಸಂಗತಿ ಅದನ್ನು ಅಲ್ಲಗಳೆಯಲಾರದು. ‘ಯಶೋಧರ ಚರಿತೆ’ಯನ್ನು ಮುಂದೆ ಚರ್ಚಿಸುವ ವಿದ್ಯಾರ್ಥಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಪ್ರಾಗಿತಿಹಾಸವನ್ನು ಸಾಕ್ಷಿಗೆ ಕರೆಯುವುದಾದರೆ ಯಾವ ಗುಹೆ, ಯಾವ ಮೂಳೆ, ಅಗೆದವರು ಯಾರು, ಕಥೆ ಕಟ್ಟಿದವರು ಯಾರು ಎಂಬುದನ್ನು ಕೇಳಿ ತಿಳಿದು ಕರೆಯಿರಿ. ಹಸ್ತಪ್ರತಿಯ ಪಾಠಾಂತರವೊಂದನ್ನು ಒಪ್ಪುವ ಮುನ್ನ ನಾವು ಎಷ್ಟು ಪ್ರತಿಗಳನ್ನು ತೆರೆದು ನೋಡುತ್ತೇವೋ ಅಷ್ಟು ಎಚ್ಚರ ಇಲ್ಲಿಯೂ ಇರಬೇಕು.